ಗಣಿತದ ಪೀರಿಯಡ್‌ನಲ್ಲಿ ಡೆಂಗಿ ಯಾಕೆ ಅಂತ ಕೇಳಿದ ಪೋಷಕರಿಗೆ

ಎಲ್ಲ ಪೋಷಕರಿಗೂ ನಮಸ್ಕಾರ,

ಹತ್ತನೇ ಕ್ಲಾಸಿನ ಮಕ್ಕಳು ಮನೆಗೆ ಬಂದು ಕಾಲರಾ, ಸೊಳ್ಳೆ, ನೀರಿನ ಡ್ರಮ್ಮು ಅಂತೆಲ್ಲ ಮಾತಾಡ್ತಿದಾರೆ, ಎಸ್ಸೆಸ್ಸೆಲ್ಸಿ ವರ್ಷ ಸರ್, ಲೆಕ್ಕದ ಪಾಠ ಯಾವಾಗ ಮಾಡ್ತೀರಿ ಅಂತ ಕೆಲವರು ಫೋನ್ ಮಾಡಿದ್ರಿ. ಕೇಳಿದ್ದು ಒಳ್ಳೇದೇ ಆಯ್ತು. ಇದೇ ಲೆಕ್ಕದ ಪಾಠ. ಸಂಖ್ಯಾಶಾಸ್ತ್ರ, ಸಂಭವನೀಯತೆ ಎರಡೂ ಅಧ್ಯಾಯದಲ್ಲಿ ಒಂದು ಲೆಕ್ಕನೂ ಬಿಡಲ್ಲ, ಸರಾಸರಿ ಮಧ್ಯಾಂಕ ಬಹುಲಕ ಎಲ್ಲ ಮಾಡಿಸ್ತೀವಿ, ಉದಾಹರಣೆ ಮಾತ್ರ ಕಾಯಿಲೆಗಳಿಂದ ತಗೋತೀವಿ.

ಹೋದ ವಾರದ ಕ್ಲಾಸನ್ನೇ ಹೇಳ್ತೀನಿ. 1854ರಲ್ಲಿ ಲಂಡನ್‌ನಲ್ಲಿ ಕಾಲರಾ. ಕೆಟ್ಟ ಗಾಳಿಯಿಂದ ಬರುತ್ತೆ ಅಂತ ಹೆಚ್ಚಿನವರು ನಂಬಿದ್ದ ಕಾಲ, ಜಾನ್ ಸ್ನೋ ಅನ್ನೋ ಡಾಕ್ಟರ್‌ಗೆ ಮಾತ್ರ ನೀರಿನ ಮೇಲೆ ಅನುಮಾನ. ಅಲ್ಲಿ ಒಂದೇ ಬೀದಿಯ ಅಕ್ಕಪಕ್ಕದ ಮನೆಗಳಿಗೆ ಎರಡು ಬೇರೆ ಕಂಪನಿಗಳ ನೀರು ಬರ್ತಿತ್ತು, ಒಂದು ಕಂಪನಿ ಥೇಮ್ಸ್ ನದಿಗೆ ಊರಿನ ಕೊಳಚೆ ಸೇರೋ ಕಡೆಯಿಂದಲೇ ನೀರೆತ್ತುತ್ತಿತ್ತು, ಇನ್ನೊಂದು 1852ರಲ್ಲೇ ಊರಿಗಿಂತ ಮೇಲಕ್ಕೆ ಹೋಗಿತ್ತು. ಮೊದಲನೇದರ 40,046 ಮನೆಗಳಲ್ಲಿ 1,263 ಸಾವು, ಎರಡನೇದರ 26,107 ಮನೆಗಳಲ್ಲಿ 98. "ಮನೆ ಜಾಸ್ತಿ ಇದ್ರೆ ಸಾವೂ ಜಾಸ್ತಿ ಇರುತ್ತಲ್ವಾ ಸರ್" ಅಂದ್ಲು ಒಬ್ಬಳು. ಎಷ್ಟು ಒಳ್ಳೆ ಪ್ರಶ್ನೆ! ಅದಕ್ಕೇ ಹತ್ತು ಸಾವಿರ ಮನೆಗೆ ಎಷ್ಟು ಅಂತ ಭಾಗಿಸಿದ್ವಿ: ಒಂದು ಕಡೆ ಸುಮಾರು 315, ಇನ್ನೊಂದು ಕಡೆ ಸುಮಾರು 38. ಕ್ಲಾಸ್ ಗಪ್‌ಚುಪ್. ಬರೀ ಭಾಗಾಕಾರ, ಆದ್ರೆ ತಪ್ಪು ಎಲ್ಲಿದೆ ಅಂತ ತೋರಿಸಿಬಿಡ್ತು. ಟಿವಿಯಲ್ಲಿ "ಇಷ್ಟು ಕೇಸ್" ಅಂತ ಬಂದಾಗ "ಎಷ್ಟು ಜನರಲ್ಲಿ?" ಅಂತ ನಮ್ಮ ಮಕ್ಕಳು ಕೇಳಬೇಕು, ನನಗೆ ಬೇಕಾಗಿರೋದು ಇಷ್ಟೇ.

ಈಗ ನಿಮ್ಮ ಹತ್ರ ಒಂದು ಕೆಲಸ ಇದೆ. ಆಶಾ ಕಾರ್ಯಕರ್ತೆಯರು ಡೆಂಗಿ ಸೊಳ್ಳೆಯ ಮರಿಹುಳು (ಲಾರ್ವಾ) ಹುಡುಕೋ ಸರ್ವೇಗೆ ಬರ್ತಾರಲ್ಲ, ಅದನ್ನೇ ಮಕ್ಕಳೂ ಶನಿವಾರ ಟೀಚರ್ ಜೊತೆ ಮಾಡ್ತಾರೆ. ಡ್ರಮ್, ಸಂಪು, ಹೂಕುಂಡದ ತಟ್ಟೆ, ಹಳೇ ಟೈರು, ತೆಂಗಿನ ಚಿಪ್ಪು, ಫ್ರಿಜ್ ಹಿಂದಿನ ಟ್ರೇ (ಇದನ್ನ ಯಾರೂ ನೋಡೋದೇ ಇಲ್ಲ) ಎಲ್ಲ ಟಾರ್ಚ್ ಬಿಟ್ಟು ನೋಡ್ತಾರೆ. 50 ಮನೆ ನೋಡಿ 6 ಮನೆಯಲ್ಲಿ ಲಾರ್ವಾ ಸಿಕ್ರೆ ನೂರು ಮನೆಗೆ 12 ಮನೆ, ಅದು ಹೌಸ್ ಇಂಡೆಕ್ಸ್, ಆ ಮನೆಗಳಲ್ಲಿ ಒಟ್ಟು 9 ಪಾತ್ರೆಯಲ್ಲಿ ಸಿಕ್ರೆ ನೂರು ಮನೆಗೆ 18 ಪಾತ್ರೆ, ಅದು ಬ್ರೆಟೋ ಇಂಡೆಕ್ಸ್. ಮೊಟ್ಟೆ ಸೊಳ್ಳೆ ಆಗೋಕೆ ಸುಮಾರು ಒಂದು ವಾರ, ಹತ್ತು ದಿನ ಸಾಕು, ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡಿರುತ್ತೆ, ಹಾಗಾಗಿ ನೀರು ಚೆಲ್ಲಿದ್ರೆ ಸಾಲಲ್ಲ, ವಾರಕ್ಕೊಂದ್ಸಲ ಉಜ್ಜಿ ತೊಳೀಬೇಕು. ತೊಳೆದ ಮೇಲೆ ಮುಂದಿನ ಶನಿವಾರ ಮತ್ತೆ ಎಣಿಸಿ ಎರಡೂ ವಾರದ ಗ್ರಾಫ್ ಹಾಕ್ತಾರೆ.

ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಇದೆ ಅಂತ ಮಕ್ಕಳು ಕೇಳೋ ಹಾಗಿಲ್ಲ. ಹೆಸರೂ ಬರೆಯಲ್ಲ, ಮನೆಗೊಂದು ನಂಬರ್ ಅಷ್ಟೇ. ಲಾರ್ವಾ ಸಿಕ್ತು ಅಂತ ಯಾರೂ ಮುಜುಗರ ಪಡಬೇಡಿ.

ಒಪ್ಪಿಗೆ ಇದ್ರೆ ಗುರುವಾರದೊಳಗೆ ಡೈರಿಯಲ್ಲಿ ಸೈನ್ ಮಾಡಿ ಕಳಿಸಿ. ಬೇಡ ಅನ್ನೋರೂ ಬರೆದು ಕಳಿಸಿ, ಆ ಮಕ್ಕಳು ಸ್ಕೂಲಲ್ಲೇ ಕೂತು ಉಳಿದವರು ತಂದ ಅಂಕಿಗಳಿಗೆ ಟೇಬಲ್ ಹಾಕ್ತಾರೆ, ಮಾರ್ಕ್ಸಿಗೇನೂ ತೊಂದರೆ ಆಗಲ್ಲ.

ಇಂತಿ,
ಮುಖ್ಯ ಶಿಕ್ಷಕರು