ಹಾರಿಸಿದ ಎರಡು ಪುಟ

ಮಗೂ,

ನಿನ್ನ ಕಣ್ಣಿನ ಬಗ್ಗೆ ಡಾಕ್ಟರು ಹೇಳಿದ್ದೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು, ಅದು ಬೇಡ. ಕಾಗದದ ಕೊನೆಗೆ "ಇನ್ನು ನನ್ನ ಓದೆಲ್ಲ ಬೇರೆಯವರ ಬಾಯಿ ಮೇಲೆ" ಅಂದಿದ್ದೀಯಲ್ಲ, ಆ ಸಾಲು ನಿನ್ನೆಯಿಂದ ಬೆನ್ನು ಬಿಟ್ಟಿಲ್ಲ.

ಗಮಕಿಗಳ ಬಾಯಿಂದ ಕುಮಾರವ್ಯಾಸನನ್ನು ಕೇಳಿ ಬೆಳೆದ ನಾಡು ನಮ್ಮದು, ಕೇಳುವುದೂ ಓದೇ ಎಂದು ಬರೆದು ಮುಗಿಸಬಹುದಿತ್ತು. ಮನಸ್ಸೊಪ್ಪಲಿಲ್ಲ. ಆ ಬೇರೆಯವರ ಬಾಯಿ ಒಂದು ಕಾಲಕ್ಕೆ ನಾನೇ ಆಗಿದ್ದೆ.

ಕಣ್ಣು ಕಾಣದ ನಿನ್ನ ಚಿಕ್ಕಪ್ಪನ ಬಿ.ಎ. ಪುಸ್ತಕಗಳನ್ನು ಕ್ಯಾಸೆಟ್ಟಿಗೆ ಓದಿಕೊಟ್ಟದ್ದು ನಿಮಗೆಲ್ಲ ಗೊತ್ತು. ಗೊತ್ತಿಲ್ಲದ್ದು ಇದು. ಒಂದು ರಾತ್ರಿ ಅರ್ಥಶಾಸ್ತ್ರ ಓದುತ್ತಿದ್ದೆ. ಗಂಟಲು ಕಟ್ಟಿತ್ತು, ಕಣ್ಣು ಎಳೆಯುತ್ತಿತ್ತು, 60 ನಿಮಿಷದ ಟೇಪು ಮುಗಿಯುತ್ತ ಬಂದಿತ್ತು. ಎರಡು ಪುಟ ಹಾರಿಸಿ ಅಧ್ಯಾಯ ಮುಗಿಸಿಬಿಟ್ಟೆ. ಅವನಿಗೆ ತಿಳಿಯುವುದಾದರೂ ಹೇಗೆ? ಟೇಪಿನಲ್ಲಿ ಪುಟವೆಂಬುದೇ ಇಲ್ಲ. ಪಾಸಾಗಿ ಬಂದವನು "ನಿನ್ನ ದೆಸೆಯಿಂದ, ಅಕ್ಕಾ" ಅಂದ. ನಾನು ಬಾಯಿ ಬಿಡಲಿಲ್ಲ. ಈಗ ಹೇಳೋಣವೆಂದರೆ ಅವನಿಲ್ಲ.

ಅದಕ್ಕೇ ನಿನ್ನ ಹೆದರಿಕೆ ಸುಳ್ಳೆನ್ನಲಾರೆ.

ಡೈಸಿ ಪುಸ್ತಕ, ಅಂದರೆ ಕಣ್ಣು ಕಾಣದವರಿಗೆಂದು ಅಧ್ಯಾಯ, ಪುಟಗಳ ಗುರುತಿಟ್ಟು ಮಾಡಿದ ಕೇಳುವ ಪುಸ್ತಕ, ಮೊದಲ ಸಲ ಕೇಳಿದಾಗ ನಾನು ಪರೀಕ್ಷಿಸಿದ್ದು ಇದನ್ನೇ. ಗುಂಡಿ ಒತ್ತಿದರೆ ಮುಂದಿನ ಅಧ್ಯಾಯ, ಇನ್ನೊಂದು ಒತ್ತಿದರೆ ಮುಂದಿನ ಪುಟ. ಪುಟದ ಸಂಖ್ಯೆ ಕೊಟ್ಟರೆ ನೇರ ಅಲ್ಲಿಗೇ ಹೋಗುತ್ತದೆ. 46 ಆದಮೇಲೆ 49 ಬಂದರೆ ಓದಿದವಳು ಸಿಕ್ಕಿಬಿದ್ದಳು! ಮಾತಾಡುವ ಪುಸ್ತಕದ ಗ್ರಂಥಾಲಯಗಳು ಸೇರಿ ಡೈಸಿ ಒಕ್ಕೂಟ ಕಟ್ಟಿದ್ದು 1996ರಲ್ಲಿ. ನಮ್ಮ ಮನೆಯ ಮಟ್ಟಿಗೆ ತಡವಾಯಿತು.

ಕಂಪ್ಯೂಟರಿನಲ್ಲಿ ಅಕ್ಷರರೂಪದ ಪಠ್ಯವೇ ಇರುವ ಪುಸ್ತಕವಾದರೆ ಮನುಷ್ಯರ ಬಾಯೂ ಬೇಡ, ಯಂತ್ರ ಓದುತ್ತದೆ. ಪಠ್ಯವನ್ನು ಮಾತಾಗಿಸುವ ಇಸ್ಪೀಕ್ ತಂತ್ರಾಂಶದ ಕನ್ನಡ ಡಬ್ಬದೊಳಗಿಂದ ಬಂದಂತಿದೆ, ನನಗೆ ಹಿಡಿಸಲಿಲ್ಲ. ಆದರೆ ಅದಕ್ಕೆ ನಿದ್ದೆ ಬರುವುದಿಲ್ಲ. ಬೇಕಾದ ವೇಗ ನಿನ್ನದು, ಅನುಮಾನ ಬಂದ ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಕೇಳಬಹುದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನ ಕಡತ ಕೊಟ್ಟರೆ ಮಾತ್ರ ಏನೇನೋ ಒದರುತ್ತದೆ. ಯುನಿಕೋಡ್ ಪ್ರತಿಯನ್ನೇ ಕೇಳು.

ಕಣ್ಣು ಕಾಣದವರಿಗಾಗಿ ಕೆಲಸ ಮಾಡುವ ಬೆಂಗಳೂರಿನ ಮಿತ್ರ ಜ್ಯೋತಿ ಸಂಸ್ಥೆಯಲ್ಲಿ ವಿಚಾರಿಸಬಹುದು. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯವೂ ಇದೆ, ಅಚ್ಚು ಓದಲಾಗದವರಿಗೆಂದು ಅಂತರ್ಜಾಲದಲ್ಲಿರುವ ಗ್ರಂಥಾಲಯ. ಅಂಗವೈಕಲ್ಯದ ಪ್ರಮಾಣಪತ್ರ ಕೇಳುತ್ತಾರೆ, ಮಾಡಿಸಿಕೊಳ್ಳಲು ನಿನಗೆ ಇನ್ನೂ ಮನಸ್ಸಿಲ್ಲವೇನೋ. ನಿಧಾನವಾಗಿ ಆಗಲಿ.

ಬ್ರೈಲ್ ಕಲಿ ಎನ್ನಲು ನನಗೆ ಬಾಯಿಲ್ಲ. ನಿನ್ನ ಚಿಕ್ಕಪ್ಪ ಕಲಿಯಲು ಹೊರಟಿದ್ದ. "ನಾನಿದ್ದೀನಲ್ಲ, ಅದೆಲ್ಲ ಯಾಕೆ" ಅಂದು ಬಿಡಿಸಿದವಳು ನಾನೇ. ಪ್ರೀತಿಯಿಂದಲೇ ಅಂದದ್ದು. ಆಮೇಲೆ ಅವನ ಓದೆಲ್ಲ ನನ್ನ ಬಾಯಿ ಮೇಲಾಯಿತು, ನನಗೆ ನಿದ್ದೆ ಬಂದಾಗ ಅದೂ ನಿಂತಿತು. ಆದರೂ ಹೇಳುತ್ತೇನೆ, ಕಣ್ಣು ಸ್ವಲ್ಪ ಇರುವಾಗಲೇ ಬೆರಳಿಗೂ ಕಲಿಸು.

ಇದನ್ನು ಪಕ್ಕದ ಮನೆ ಹುಡುಗನ ಕೈಲಿ ಯುನಿಕೋಡ್‌ನಲ್ಲೇ ಟೈಪ್ ಮಾಡಿಸಿದ್ದೇನೆ, ಫೋನು ಓದುತ್ತದೆ. ನಿಮ್ಮಮ್ಮನ ಕೈಲಿ ಓದಿಸಬೇಡ. ಆ ಎರಡು ಪುಟದ ವಿಷಯ ಅವಳಿಗೂ ಗೊತ್ತಿಲ್ಲ.

ನಿನ್ನ ಅತ್ತೆ