ಶನಿವಾರ ಅಡ್ವಾನ್ಸ್ ಕೊಡುವ ಮುಂಚೆ

ಪುಟ್ಟಿ,

ಮಾಗಡಿ ಹತ್ತಿರ ಇಪ್ಪತ್ತು ಗುಂಟೆಗೆ ಶನಿವಾರ ಅಡ್ವಾನ್ಸ್ ಕೊಡ್ತೀನಿ ಅಂದೆ. ನಾನು ರೇಗಿದೆ, ನೀನು ಫೋನ್ ಇಟ್ಟೆ. ಬೇಜಾರು ಮಾಡ್ಕೋಬೇಡ ಕಣೇ. ಸ್ವಂತ ದುಡಿಮೆಯಲ್ಲಿ, ಸ್ವಂತ ಹೆಸರಿಗೆ ಜಮೀನು ಕೊಳ್ಳೋ ಮೊದಲ ಹೆಣ್ಣುಮಗಳು ನಮ್ಮ ಮನೆಯಲ್ಲಿ ನೀನೇ. ಬೀದಿಯವರಿಗೆಲ್ಲ ಹೇಳಿದ್ದೀನಿ.

ಆದರೆ ನೀನು ಕಳಿಸಿದ ಪಹಣಿ, ಅದೇ ಜಮೀನಿನ ಆರ್‌ಟಿಸಿ, ನೋಡಿದೆ. ಸರ್ವೆ ನಂಬರ್ ಒಂದೇ, ಮಾಲೀಕರ ಹೆಸರು ಬರೆಯೋ ಒಂಬತ್ತನೇ ಕಾಲಂನಲ್ಲಿ ಐದು ಹೆಸರು. ಪೋಡಿ ಆಗಿಲ್ಲ, ಅಂದರೆ ಅಳೆದು ಒಬ್ಬೊಬ್ಬರ ಪಾಲು ಬೇರೆ ಮಾಡಿಲ್ಲ. ನಿನ್ನ ಇಪ್ಪತ್ತು ಗುಂಟೆ ಎಲ್ಲಿಂದ ಎಲ್ಲಿಗೆ ಅಂತ ಯಾರೂ ಅಳೆದಿಲ್ಲ.

ತಾತ, ಅವರ ಅಣ್ಣ ದೊಡ್ಡಪ್ಪ ಪಾಲಾದ ಕಥೆ ನಿನಗೆ ಗೊತ್ತು, ಅದು ಬಿಡು. ದಾರಿಯ ವಿಷಯ ಗೊತ್ತಿಲ್ಲ. ಬಿಳಿಹಾಳೆಯ ಪಾರೀಕತ್ತಿನಲ್ಲಿ, ಅದೇ ಪಾಲುಪತ್ರದಲ್ಲಿ, ಚೆಕ್ಕುಬಂದಿ ಅಂತ ನಾಲ್ಕು ದಿಕ್ಕಿನ ಗಡಿ ಬರೆದರು. ಮೂಡಲಿಗೆ ಹೊಂಗೆಮರ, ಪಡುವಲಿಗೆ ಅಣ್ಣನ ಹೊಲ. ದಾರಿ ಬರೆಯಲಿಲ್ಲ. ದೊಡ್ಡಪ್ಪ ಇರೋತನಕ ಗಾಡಿ ಅವರ ಹೊಲದ ಮೇಲೇ ಹೋಗುತ್ತಿತ್ತು. ಅವರು ಹೋದಮೇಲೆ ಮಕ್ಕಳು ಮುಳ್ಳುಬೇಲಿ ಹಾಕಿದರು. ಆ ವರ್ಷ ರಾಗಿ ಹೊರೆಯನ್ನೆಲ್ಲ ತಲೆ ಮೇಲೆ ಹೊತ್ತು ಬದುವಿನ ಮೇಲೆ ತಂದೆವು. ಬದು ಅಂದರೆ ಒಂದು ಪಾದ ಇಡುವಷ್ಟು ಅಗಲ. ಜಡಿಮಳೆ ಬೇರೆ. ತಾತ ಜಾರಿ ಹೊರೆ ಸಮೇತ ಬಿದ್ದರು. ಎದ್ದು, ಕೆಸರಿನಿಂದ ಒಂದೊಂದೇ ತೆನೆ ಆರಿಸಿ ಪಂಚೆಗೆ ಒರೆಸಿಕೊಂಡರು. ಬೇಲಿ ಆಚೆ ದೊಡ್ಡಪ್ಪನ ಮಗ ನಿಂತು ನೋಡುತ್ತಿದ್ದ. ಯಾರೂ ಮಾತಾಡಲಿಲ್ಲ. ಆಮೇಲೆ ಸರ್ವೆಯವರು ಸರಪಳಿ ಎಳೆದಾಗ ಗಡಿಯ ಬಾಂದುಕಲ್ಲು ಸಿಕ್ಕಿತು, ದಾರಿ ಸಿಗಲಿಲ್ಲ. ಗ್ರಾಮ ನಕಾಶೆಯಲ್ಲೇ ಇರಲಿಲ್ಲ.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದಮೇಲೆ ರೈತರಲ್ಲದವರೂ ಕೊಳ್ಳಬಹುದು, ಬ್ರೋಕರ್ ಹೇಳಿದ್ದು ಸರಿ. ಆದರೆ ಸರ್ವೆ ನಂಬರಿನ ಒಂದು ಭಾಗ ಮಾತ್ರ ಕ್ರಯ ಆಗಬೇಕಾದರೆ 11ಇ ನಕ್ಷೆ, ಅಂದರೆ ಆ ಭಾಗವನ್ನು ಅಳೆದು ಸರ್ವೆಯವರು ಕೊಡೋ ನಕ್ಷೆ, ಬೇಕು. ಮಾರುವವರೇ ಮಾಡಿಸಲಿ. ಐದೂ ಜನರ ಅಕ್ಕತಂಗಿಯರ ಸಹಿ ಕೇಳು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಒಬ್ಬಳನ್ನು ಬಿಟ್ಟಿದ್ದರೂ ನಾಳೆ ಅವಳು ಕೋರ್ಟಿಗೆ ಹೋಗಬಹುದು, ಹೋಗೋದು ನ್ಯಾಯವೇ. ಮೂಲ ಕಾಗದವನ್ನೂ ನೋಡು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ, 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದ ಕ್ರಯ ನಿಲ್ಲೋದಿಲ್ಲ. ಹನ್ನೊಂದನೇ ಕಾಲಂನಲ್ಲಿ ಸಾಲ ಇದೆಯಾ ನೋಡು.

ಅಮ್ಮ ಮತ್ತೆ ಪಾಠ ಶುರುಮಾಡಿದಳು ಅಂತೀಯ. ಅನ್ನು, ಪರವಾಗಿಲ್ಲ. ಬ್ರೋಕರ್ ಕೈ ತೋರಿಸಿ ಇದೇ ದಾರಿ ಅಂದರೆ ಮಾತ್ರ ನಂಬಬೇಡ, ನಕಾಶೆ ಬಿಚ್ಚಿಸು.

ಶುಕ್ರವಾರ ಬೆಳಗಿನ ಬಸ್ಸಿಗೆ ಬರುತ್ತೀನಿ. ಅಷ್ಟರಲ್ಲಿ ಗ್ರಾಮ ನಕಾಶೆ, ಇಸಿ (ಋಣಭಾರ ಪತ್ರ) ಎರಡೂ ತೆಗೆಸಿಡು.

ನಿನ್ನ ಅಮ್ಮ