ಒಂದನೇ ತರಗತಿ ಟೀಚರ್‌ಗಳಿಗೆ: ಬೆರಳಲ್ಲಿ ಎ, ಬಿ, ಸಿ
ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ ಇಂಗ್ಲಿಷ್ ಅಕ್ಷರಗಳನ್ನು ಕೈಸನ್ನೆಯ ಜೊತೆಗೇ ಹೇಳಿಕೊಡೋಣ. ಭಾರತೀಯ ಸನ್ನೆ ಭಾಷೆಯ ಎರಡು ಕೈಯ ಅಕ್ಷರಗಳನ್ನೇ ಬಳಸಿ. ಯೂಟ್ಯೂಬಲ್ಲಿ ಜಾಸ್ತಿ ಸಿಗುವುದು ಅಮೆರಿಕದ ಒಂದು ಕೈಯದು, ಎರಡನ್ನೂ ಬೆರೆಸಿದರೆ ಮಕ್ಕಳಿಗಿಂತ ಮೊದಲು ನಮಗೇ ಗೊಂದಲ!

ಮೊದಲು ಸ್ವರಗಳು. ಎಡಗೈ ಅಗಲಿಸಿ ಹಿಡಿದು, ಬಲಗೈ ತೋರುಬೆರಳಿಂದ ಹೆಬ್ಬೆರಳ ತುದಿ ಮುಟ್ಟಿದರೆ ಎ, ಆಮೇಲೆ ಒಂದೊಂದೇ ಬೆರಳಿಗೆ ಇ, ಐ, ಓ, ಕೊನೆಗೆ ಕಿರುಬೆರಳಿಗೆ ಯು. ಐದು ಬೆರಳು, ಐದು ಸ್ವರ, ಸುಲಭ ಅಲ್ವಾ? ಸಿ ಅಕ್ಷರಕ್ಕೆ ಒಂದೇ ಕೈ ಸಾಕು, ಹೆಬ್ಬೆರಳು ತೋರುಬೆರಳು ಬಾಗಿಸಿದರೆ ಆಯಿತು.

ಸುಮ್ನೆ ಸನ್ನೆ ಮಾಡಿಸಬೇಡಿ, ಬಾಯಲ್ಲೂ ಹೇಳಿಸಿ. ಎಡಗೈಯಲ್ಲಿ ಬರೆಯುವ ಮಕ್ಕಳು ಕೈ ಬದಲಿಸಿ ಮಾಡಿದರೆ ತಿದ್ದಬೇಡಿ, ಅದೂ ಸರಿಯೇ.